ರೋಜಾದಲ್ಲಿ ನನಗೆ ಬಾಯಿ ಬಂದದ್ದು

ಹಣ್ಣು ಕೊಳ್ಳುವವರು ಮೊದಲು ನಾಲ್ಕು ಮಾತಾಡಿ ಆಮೇಲೆ ಬುಟ್ಟಿಗೆ ಕೈ ಹಾಕುತ್ತಿದ್ದ ಕಾಲ ಅದು. ನನಗೋ ಮಾತೇ ಬರುತ್ತಿರಲಿಲ್ಲ. ಮನೆಯವರ ಜೊತೆ ವಟವಟ ಅನ್ನುತ್ತಿದ್ದೆ. ಹೊರಗಿನವರು ಬಂದರೆ ಕಂಬದ ಹಿಂದೆ ಹೋಗಿ ನಿಲ್ಲುತ್ತಿದ್ದೆ. ಕಮಲಾಪುರದಲ್ಲಿ ಎಲ್ಲರೂ ನನ್ನನ್ನು ಮೂಕಿ ಅಂತಲೇ ಕರೆಯುತ್ತಿದ್ದರು. ಸುಳ್ಳೇನಲ್ಲ.

ನಮ್ಮ ಸೋದರತ್ತೆ ಗುರವ್ವ ಕಲಬುರಗಿಯ ರೋಜಾದಲ್ಲಿ, ದರ್ಗಾಕ್ಕೆ ಹೋಗುವ ದಾರಿಯಲ್ಲಿ, ನಮ್ಮೂರ ಕೆಂಪು ಬಾಳೆಹಣ್ಣು ಮಾರುತ್ತಿದ್ದಳು. ಉರುಸಿನ ಜಾತ್ರೆಯ ಗದ್ದಲಕ್ಕೆ ಎರಡನೇ ಬುಟ್ಟಿ ಇಡಲು ಅವಳಿಗೆ ಒಬ್ಬ ಹುಡುಗಿ ಬೇಕಾಗಿತ್ತು. ಕಾಕಾನ ಮಗಳು ನಿಂಗಿ ನಾನೇ ಹೋಗುತ್ತೇನೆ ಅಂತ ಕುಣಿಯುತ್ತ ನಿಂತಿದ್ದಳು. ಅವಳ ಬಾಯಿಗೆ ಬಾಗಿಲೇ ಇರಲಿಲ್ಲ. ಆದರೂ ಅತ್ತೆ ನನ್ನನ್ನೇ ಮೊದಲು ಕರೆದುಕೊಂಡು ಹೋದಳು.

"ಉರುಸು ಬರೂದರೊಳಗ ಬಾಯಿ ಬಿಟ್ರ ನೀ ಇರ್ತಿ. ಇಲ್ಲಾಂದ್ರ ನಿಂಗೀನ ಕರಸ್ತೀನಿ. ನೀ ಊರಾಗ ಕುಳ್ಳು ತಟ್ಟಕೋತ ಕೂಡು" ಅಂದಳು.

ನನಗೆ ಸೆಗಣಿ ತಟ್ಟುವುದು ಬೇಡಾಗಿತ್ತು. ರೋಜಾದಲ್ಲಿ ಲೋಬಾನದ ಹೊಗೆ, ಅತ್ತರಿನ ವಾಸನೆ, ಕರಿಯುವ ಭಜ್ಜಿಯ ವಾಸನೆ ಎಲ್ಲ ಕೂಡಿ ಮೂಗಿಗೆ ಹಬ್ಬ. ಅದನ್ನು ಬಿಟ್ಟು ಯಾರು ಹೋಗುತ್ತಾರೆ?

ಅತ್ತೆ ಒಮ್ಮೆಲೇ ಕೂಗು ಅನ್ನಲಿಲ್ಲ. ಮೊದಲು ಸುಮ್ಮನೆ ಕೂಡಿಸಿದಳು. ನಾನು ತಲೆ ತಗ್ಗಿಸಿದರೆ ಮೊಣಕೈಯಿಂದ ತಿವಿಯುತ್ತಿದ್ದಳು. "ನೆಲದಾಗ ಏನ್ ಬಿದ್ದದ? ಮಂದಿ ಮಾರಿ ನೋಡು. ಅವ್ರೇನ್ ಹುಲಿ ಏನು?"

ಮಂದಿಯ ಮುಖ ನೋಡುವುದು ರೂಢಿಯಾದ ಮೇಲೆ ತಂಬಿಗೆ ಕೊಟ್ಟು ನೀರು ಕೇಳಲಿಕ್ಕೆ ಕಳಿಸಿದಳು. ಮೊದಲು ಎದುರಿನ ಅತ್ತರ್ ಅಂಗಡಿಯ ಚಾಚಾನ ಹತ್ತಿರ. ನಾನು ತಂಬಿಗೆ ಚಾಚಿ ನಿಂತೆ. ಚಾಚಾ ನೋಡಿದರೂ ನೋಡದಂತೆ ಶೀಶೆ ಒರೆಸುತ್ತಿದ್ದ.

"ನೀರು..." ಅಂದೆ.

"ಕ್ಯಾ? ಇರುವಿ ಮಾತಾಡಿದಂಗ ಕೇಳ್ಸಿತು. ಯಾರವ್ವ ಅದು?"

"ನೀರ್ ಕೊಡ್ರಿ ಚಾಚಾ!"

"ಹಾಂ, ಈಗ ಮನಷ್ಯಾರ ದನಿ ಬಂತು!" ಅಂತ ತುಂಬಿಸಿ ಕೊಟ್ಟ. ಅತ್ತೆಯೇ ಅವನಿಗೆ ಹೇಳಿಟ್ಟಿದ್ದಳು ಅಂತ ಆಮೇಲೆ ತಿಳಿಯಿತು. ಹೀಗೆ ದಿನಕ್ಕೊಂದು ಅಂಗಡಿ. ಬೀದಿಯ ಉದ್ದಕ್ಕೂ ನನ್ನ ದನಿ ಬೆಳೆಯಿತು. ಆದರೆ ಗಿರಾಕಿ ಬಂದರೆ ಮಾತ್ರ ಅತ್ತೆಯ ಬೆನ್ನ ಹಿಂದೆ ಸರಿಯುತ್ತಿದ್ದೆ.

ಉರುಸು ಹತ್ತಿರ ಬಂತು. ಒಂದು ಮಧ್ಯಾಹ್ನ ಅತ್ತೆ ಊರಿಂದ ಬಂದ ಹಣ್ಣು ಇಳಿಸಿಕೊಳ್ಳಲು ಬಸ್‌ಸ್ಟ್ಯಾಂಡಿಗೆ ಹೋದಳು. ಅಷ್ಟರಲ್ಲಿ ಪರವೂರ ಹೆಂಗಸೊಬ್ಬಳು ಬಂದು ಬುಟ್ಟಿಯ ಮುಂದೆ ನಿಂತಳು. ಅತ್ತೆ ಕಲಿಸಿದ ಮಾತೆಲ್ಲ ಹಾರಿಹೋಯಿತು. ಹಿರಿಯರು ಎದುರಿಗೆ ಬಂದರೆ ನಮ್ಮೂರಲ್ಲಿ ಮೊದಲು ಏನು ಕೇಳುತ್ತಾರೋ ಅದೇ ಬಾಯಿಗೆ ಬಂತು.

"ಊಟ ಆತೇನ್ರೀ ಅವ್ವಾ?"

"ಎಲ್ಲೀದವ್ವ ತಂಗಿ! ಮುಂಜಾನಿಂದ ಹೊಟ್ಟೀಗಿ ಏನೂ ಇಲ್ಲ" ಅಂದವಳೇ ಅಲ್ಲೇ ಕೂತುಬಿಟ್ಟಳು.

ನಮ್ಮ ಕಡೆ ಊಟ ಆಯಿತೇ ಅಂತ ಕೇಳಿ, ಅವರು ಇಲ್ಲ ಅಂದರೆ, ಕೇಳಿದವರೇ ಉಣಿಸಬೇಕು. ಅತ್ತೆಯ ಬುತ್ತಿ ಬಿಚ್ಚಿದೆ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾಹಿಂಡಿ. ಅವಳು ನಾಚಿಕೆ ಇಲ್ಲದೆ ಉಂಡಳು. ಉಣ್ಣುವಾಗ ನಾಚಿಕೆ ಯಾಕೆ ಬೇಕು?

ಎದುರಿನಿಂದ ಚಾಚಾ ಕೂಗಿದ: "ಗುರವ್ವನ ಸೊಸಿ ಖಾನಾವಳಿ ತೆಗದಾಳ, ಬರ್ರೋ!"

ಉಂಡು ಕೈ ತೊಳೆದ ಮೇಲೆ ಆ ಹೆಂಗಸು ಬಾಳೆಹಣ್ಣು ಎತ್ತಿ ಹಿಡಿದು, "ಇದಕ ಬಣ್ಣ ಹಚ್ಚೀರೇನು?" ಅಂದಳು.

ನನಗೆ ಸಿಟ್ಟು ಬಂತು. ಸಿಟ್ಟಿಗೆ ಹೆದರಿಕೆ ಮರೆತುಹೋಯಿತು.

"ಬಣ್ಣ ಯಾಕ ಹಚ್ಚಮ್ರಿ? ನಮ್ಮ ಕಮಲಾಪುರದ ಮಣ್ಣಾಗ ಹಿಂಗೇ ಬೆಳೀತಾವ. ಸುಲದು ತಿನ್ರಿ, ಬಣ್ಣ ನಾಲಿಗಿಗಿ ಹತ್ತಿದ್ರ ನನಗ ಬೈರಿ!"

ಸುಲಿದು ತಿಂದಳು. ತಿಂದು ತನ್ನ ಜೊತೆಯವರನ್ನೆಲ್ಲ ಕೂಗಿ ಕರೆದಳು. ಅವರೊಬ್ಬೊಬ್ಬರೂ ಒಂದೊಂದು ಕೇಳಿದರು. ನಾನು ಎಲ್ಲರಿಗೂ ಉತ್ತರ ಕೊಟ್ಟೆ, ಹೆಚ್ಚಿಗೆ ಚೌಕಾಸಿ ಮಾಡಿದವಳನ್ನು ಬೈದೂ ಬಿಟ್ಟೆ.

ಅತ್ತೆ ಬಂದಳು. ಬೆವರು ಒರೆಸಿಕೊಂಡು, "ರೊಟ್ಟಿ ತಾ" ಅಂದಳು.

"ಹೋದ್ವು."

"ಬಾಳಿಹಣ್ಣ?"

"ಅವೂ ಹೋದ್ವು."

"ಗಿರಾಕಿ ಜೋಡಿ ಯಾರು ಮಾತಾಡಿದ್ರು, ಚಾಚಾನಾ?"

"ನಾನೇ."

ಅತ್ತೆ ಚಾಚಾನ ಕಡೆ ನೋಡಿದಳು. ಅವನು ಹೌದು ಅಂತ ಗೋಣು ಹಾಕಿದ. ಹೊಗಳುವುದು ಅತ್ತೆಗೆ ಬರುತ್ತಿರಲಿಲ್ಲ. "ಉರುಸು ಮುಗಿಯೋತನ ರೊಟ್ಟಿ ಜಾಸ್ತಿ ಬಡೀಬೇಕಾಗ್ತದ" ಅಂದಳು. ನಿಂಗಿಗೆ ಕರೆ ಹೋಗಲಿಲ್ಲ. ಅವಳು ಅತ್ತಳಂತೆ, ಅಳಲಿ.

ಅದಾಗಿ ಎಷ್ಟೋ ವರ್ಷವಾಯಿತು. ಅತ್ತೆ ಹೋದಳು, ಚಾಚಾನ ಅಂಗಡಿ ಹೋಯಿತು. ಅದಕ್ಕೆ ನಾನು ಅಳುವುದಿಲ್ಲ, ಇದ್ದವರೆಲ್ಲ ಹೋಗುವವರೇ. ಕೆಂಪು ಬಾಳೆ ಈಗಲೂ ಸಿಗುತ್ತದೆ. ಗಿರಾಕಿ ಬರುತ್ತಾನೆ, ಬೆರಳು ತೋರಿಸುತ್ತಾನೆ, ದುಡ್ಡಿಗೆ ಫೋನು ತೋರಿಸುತ್ತಾನೆ, ಹೋಗುತ್ತಾನೆ. ಮಾರುವವಳೂ ಬಾಯಿ ಬಿಡಬೇಕಾಗಿಲ್ಲ. ಮಾತು ತಡವರಿಸುವ ಹುಡುಗಿಯ ಮುಂದೆ, ಅವಳ ದನಿ ಹೊರಡುವವರೆಗೆ ನಿಲ್ಲುವಷ್ಟು ಪುರುಸೊತ್ತು ಯಾರಿಗೂ ಇಲ್ಲ. ಈಗ ಹುಟ್ಟಿದ್ದರೆ ನಾನು ಮೂಕಿಯಾಗಿಯೇ ಮುದುಕಿಯಾಗುತ್ತಿದ್ದೆ.