ಖಾಲಾರ ಹೆಬ್ಬೆಟ್ಟು

ಫಿನೈಲ್ ನೀರಿನಲ್ಲಿ ನೆನೆದೂ ನೆನೆದೂ ಖಾಲಾರ ಹೆಬ್ಬೆರಳಿನ ಗೆರೆಗಳೇ ಅಳಿಸಿಹೋಗಿದ್ದವು. ನಮ್ಮ ದವಾಖಾನಿಯ ಹಾಜರಿ ಮಷಿನ್‌ಗೆ ಆ ಬೆರಳಿನ ಗುರುತೇ ಸಿಗುತ್ತಿರಲಿಲ್ಲ. ಮೂರು ಸಲ ಒತ್ತಿ, ನಾಲ್ಕನೇ ಸಲ ಮಷಿನ್‌ಗೇ ಬೈಯುವರು: "ಹತ್ತ ವರ್ಷ ಆತಲೇ, ಇನ್ನಾ ನನ್ನ ಗುರ್ತ ಹತ್ತವಲ್ದೇನು ನಿನಗ?" ಸಾಲಿನಲ್ಲಿ ನಿಂತವರೆಲ್ಲ ನಗುತ್ತಿದ್ದರು.

ನಾವೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದ ಅವರು ನಿಂಬರ್ಗಾ ಊರಿನವರು, ಕ್ಯಾನ್ಸರ್ ವಾರ್ಡಿನ ಆಯಾ. ನಾನು ಅದೇ ವಾರ್ಡಿನ ನರ್ಸು. ಅವರ ಮಂದಿಯಲ್ಲಿ ಹೆಂಗಸರು ತೀರಿಕೊಂಡರೆ ಕೊನೆಯ ಸ್ನಾನ ಮಾಡಿಸುವವರೂ ಅವರೇ. "ನೀರ ಕಾಯಿಸೂಕಿಂತ ಮೊದಲ ಅದು ಇಂಗಾಕ ಕುಣಿ ತೋಡಸ್ತೇನಿ ಬೇಟಿ. ಸತ್ತಾಕಿ ಮೈಮ್ಯಾಲಿನ ನೀರ ಯಾರ ಕಾಲಿಗೂ ಹತ್ತಬಾರ್ದು," ಎನ್ನುತ್ತಿದ್ದರು.

ವಾರ್ಡಿನಲ್ಲಿ ಒಂದು ಕೆಂಪು ಔಷಧ ಕೊಡುತ್ತೇವೆ. ಅದು ಏರಿದ ಮೇಲೆ ಪೇಷಂಟಿನ ಮೂತ್ರವೂ ಕೆಂಪಗಾಗುತ್ತದೆ. ಔಷಧದ ಅಂಶ ಹಾಗೇ ಹೊರಬೀಳುತ್ತದೆ, ಮುಟ್ಟುವಾಗ ಗ್ಲೌಸ್ ಹಾಕಿಕೊಳ್ಳಿ ಎಂದು ಡಾಕ್ಟರು ಒಮ್ಮೆ ಎಲ್ಲರನ್ನೂ ಕೂಡಿಸಿ ಹೇಳಿದರು. ಹಿಂದೆ ಕುಳಿತಿದ್ದ ಖಾಲಾ ಎದ್ದು ನಿಂತರು.

"ನಮ್ಮ ಕೈಗೆ ಗ್ಲೌಸ್ ಕೊಟ್ರಿ ಸಾಹೇಬ್ರ. ಹಳ್ಳಕ್ಕ ಏನ್ ಕೊಟ್ರಿ?"

ಕೊಳಚೆ ಶುದ್ಧ ಮಾಡುವ ಟ್ಯಾಂಕಿನ ಮೋಟಾರು ಸುಟ್ಟು ಎಷ್ಟೋ ದಿನವಾಗಿತ್ತು. ವಾರ್ಡಿನ ನೀರು ಪೈಪಿನಲ್ಲಿ ಹಿಂದಿನ ಹಳ್ಳಕ್ಕೆ ಬೀಳುತ್ತಿತ್ತು. ಅದರ ಕೆಳಗೇ ಖಾಲಾರ ತಂಗಿಯ ಮೆಂತೆ, ಪಾಲಕ್ ಮಡಿಗಳು. ಮೋಟಾರು ಸುಟ್ಟಾಗಿನಿಂದ ತಂಗಿ ತಂದ ಸೊಪ್ಪನ್ನು ಖಾಲಾ ಒಲೆಗೆ ಏರಿಸಲಿಲ್ಲ, ಮಾರಲೂ ಬೇಡ ಎಂದರು. "ನನ್ನ ಹೊಟ್ಟಿಮ್ಯಾಲ ಹೊಡೀತಿ?" ಎಂದು ತಂಗಿ ಮಾತೇ ಬಿಟ್ಟಳು.

ಡಾಕ್ಟರು ಎಲ್ಲರನ್ನೂ ಕೂಡಿಸಿದ ದಿನವೇ ಖಾಲಾ ನನ್ನ ಕೈಯಿಂದ ಅರ್ಜಿ ಬರೆಸಿದರು: ಮೋಟಾರು ಹಾಕಿಸಿ, ಅಲ್ಲಿಯತನಕ ಈ ನೀರನ್ನು ಹಳ್ಳಕ್ಕೆ ಬಿಡಬೇಡಿ. ಹೆಬ್ಬೆಟ್ಟು ಒತ್ತಿ, ಕೆಳಗೆ ನನ್ನ ಸಹಿಗೆ ಜಾಗ ಬಿಟ್ಟರು. ನಾನು ಅಂಜಿದೆ. ಕಾಯಂ ಆಗದ ನೌಕರಿ ನನ್ನದು.

"ಮುಂದಿನ ವಾರ ನೋಡೋಣ ಖಾಲಾ."

"ಆಗ್ಲಿ ಬೇಟಿ. ಆದ್ರ ನೀರು ನಮ್ಮ ದಾರಿ ಕಾಯ್ಕೋತ ನಿಂದ್ರತದೇನು?"

ಆಮೇಲೆ ಅವರು ಕೇಳಲಿಲ್ಲ. ಎದುರಿಗೆ ಬಂದಾಗಲೆಲ್ಲ ನಾನೇ ಮುಖ ತಪ್ಪಿಸುತ್ತಿದ್ದೆ. ಅರ್ಜಿ ನಾಲ್ಕು ತಿಂಗಳು ನನ್ನ ಕಪಾಟಿನಲ್ಲೇ ಇತ್ತು.

ಒಂದು ಶುಕ್ರವಾರ ಮುಂಜಾನೆ ಎದೆ ಹಿಡಿದುಕೊಂಡು ಕುಳಿತ ಖಾಲಾ ಏಳಲಿಲ್ಲ. ಸುದ್ದಿ ತಿಳಿದು ನಾನು ನಿಂಬರ್ಗಾಕ್ಕೆ ಓಡಿದೆ. ಅಂಗಳದಲ್ಲಿ ಪರದೆ ಕಟ್ಟಿದ್ದರು. ಅದರಾಚೆ ಯಾರೋ ಅವರ ಮೈಗೆ ನೀರು ಹಾಕುವ ಸಪ್ಪಳ ಕೇಳುತ್ತಿತ್ತು. ಆ ನೀರು ಸಣ್ಣ ಕಾಲುವೆಯಲ್ಲಿ ಹರಿದು ಬಂದು ನನ್ನ ಕಾಲಿನ ಹತ್ತಿರದ ಕುಣಿಗೆ ಇಳಿಯಿತು. ಒಂದು ಹನಿಯೂ ಓಣಿಗೆ ಹೋಗಲಿಲ್ಲ. ಮಾತು ಬಿಟ್ಟಿದ್ದ ತಂಗಿಯೇ ಅಳುತ್ತ ಬೊಗಸೆಯಲ್ಲಿ ಮಣ್ಣು ತುಂಬಿ ಕುಣಿ ಮುಚ್ಚಿದಳು. ನನಗೆ ಅಲ್ಲಿ ತಲೆ ಎತ್ತಲಾಗಲಿಲ್ಲ.

ಮರುದಿನ ಅರ್ಜಿಗೆ ಸಹಿ ಹಾಕಿ ಆಫೀಸಿಗೆ ಒಯ್ದೆ. ಹೊಸದಾಗಿ ಬಂದ ಮ್ಯಾನೇಜರು ಓದಿ, ನೀಲಿ ಮಸಿಯ ಮೇಲೆ ಬೆರಳಿಟ್ಟರು.

"ಇದು ಯಾರದ್ರಿ? ಗೆರೀನ ಮೂಡಿಲ್ಲಲ್ಲ. ನಾಳೆ ಅವರನ್ನ ಕರಕೊಂಡು ಬರ್ರಿ, ಇನ್ನೊಮ್ಮೆ ಒತ್ತಲಿ."

"ಅವರು ಬರಂಗಿಲ್ರಿ ಸರ್," ಎಂದೆ. "ತಡ ಮಾಡಿದಾಕಿ ನಾನು."