ಶುಕ್ರವಾರ ಸಂಜೆ ಬೆಂಕಿ ಕೊಟ್ಟವರು ಯಾರು?

ಕಂಡದ್ದನ್ನು, ಕೇಳಿ ಖಾತ್ರಿ ಮಾಡಿಕೊಂಡದ್ದನ್ನು ಮಾತ್ರ ಬರೆದಿಡುವ ಅಭ್ಯಾಸ ನನ್ನದು. ಲಿಂಗಸುಗೂರಿನಲ್ಲಿ ಓದುತ್ತಿದ್ದಾಗಲೇ ದಿನಚರಿ ಇಡಲು ಶುರು ಮಾಡಿದೆ. ಯಾವ ದಿನ ಮಳೆ ಬಂತು, ಯಾವ ದಿನ ಬಿತ್ತಿದೆವು, ಎತ್ತಿಗೆ ಎಷ್ಟು ಹತ್ತಿಕಾಳು ಹಾಕಿದೆವು, ಯಾರ ಮನೆಯಲ್ಲಿ ಹುಟ್ಟು, ಯಾರ ಮನೆಯಲ್ಲಿ ಸಾವು, ಇಷ್ಟೇ ಅದರಲ್ಲಿರುವುದು. ಪವಾಡದ ಕಥೆ ಹೇಳುವವರು ಬಂದರೆ ನಾನು ಎದ್ದು ಹೊರಗೆ ಹೋಗುತ್ತಿದ್ದೆ. ದೆವ್ವ ಕಂಡೆನೆಂದವರಿಗೆ, ಅವತ್ತು ಏನು ಉಂಡಿದ್ದೆ ಎಂದು ಕೇಳುತ್ತಿದ್ದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದಿನದನ್ನು ಓದಿ ನೀವೂ ನನ್ನನ್ನು ಹಾಗೆಯೇ ಕೇಳಬಹುದು. ಕೇಳಿ, ನನಗೆ ಬೇಸರವಿಲ್ಲ. ಐದು ವರ್ಷದಿಂದ ನಾನೇ ನನ್ನನ್ನು ಕೇಳಿಕೊಳ್ಳುತ್ತಿದ್ದೇನೆ.

ಅದು ೧೯೫೧ರ ಮಾರ್ಗಶಿರ. ಗೊರೇಬಾಳದ ಹತ್ತಿರದ ನಮ್ಮ ಊರಿನಲ್ಲಿ ಆಗ ಕಾಲುವೆಯ ಅಗೆತ ನಡೆದಿತ್ತು. ನೀರು ಇನ್ನೂ ಬಂದಿರಲಿಲ್ಲ. ಊರಿಗೆ ಕಾಣುವಷ್ಟು ದೂರದಲ್ಲಿ, ತೋಡಿದ ಮಣ್ಣಿನ ದಂಡೆಯ ಮೇಲೆ ತೆಲುಗು ಸೀಮೆಯಿಂದ ಬಂದ ಕೂಲಿಯವರು ಈಚಲ ಚಾಪೆಯ ಗುಡಿಸಲು ಹಾಕಿಕೊಂಡಿದ್ದರು.

ನಮ್ಮ ಕಡೆ ಚಳಿ ಎಂದರೆ ಒಣ ಚಳಿ. ಬೆಳಗಿನ ಜಾವ ಕಂಬಳಿ ಹೊದ್ದು, ಬಿಸಿಲೇರಿದ ಮೇಲೆ ಮಡಿಸಿಡುವ ಚಳಿ. ಆ ಸಲ ಹಾಗಾಗಲಿಲ್ಲ. ಬುಧವಾರ ಮಧ್ಯಾಹ್ನ ಮೂಡಲ ಗಾಳಿ ಎದ್ದಿತು. ಸಂಜೆಗೆ ಜಿಟಿಜಿಟಿ ಮಳೆ ಹಿಡಿಯಿತು. ಗುರುವಾರ ಸೂರ್ಯನೇ ಕಾಣಲಿಲ್ಲ. ಗಾಳಿ ನಿಲ್ಲಲಿಲ್ಲ, ಮಳೆ ಜೋರಾಗಲೂ ಇಲ್ಲ, ಬಿಡಲೂ ಇಲ್ಲ. ಹಾಲು ಕರೆಯಲು ಕೂತ ಅವ್ವನ ಬೆರಳು ಮಡಚಲಾಗುತ್ತಿರಲಿಲ್ಲ. ಹಕ್ಕಿಗಳು ಬೇವಿನ ಮರದ ಕೆಳಗೆ ಸತ್ತು ಬಿದ್ದಿದ್ದವು.

ಊರವರು ತಮಗೆ ಬೇಕಾದ ಏರ್ಪಾಟು ಮಾಡಿಕೊಂಡರು. ತಿಪ್ಪೆಯ ಹತ್ತಿರ ತಟ್ಟಿ ಒಣಗಿಸಿದ ಸಗಣಿ ಕುಳ್ಳು, ತೊಗರಿ ಕಟ್ಟಿಗೆ, ಹತ್ತಿಕಟ್ಟಿಗೆ ಎಲ್ಲ ಪಡಸಾಲೆಗೆ ಬಂದವು. ಗವಾಕ್ಷಿಗಳಿಗೆ ಗೋಣಿಚೀಲ ತುರುಕಿದರು. ಎತ್ತುಗಳ ಬೆನ್ನಿಗೆ ಹಳೆಯ ಕೌದಿ ಕಟ್ಟಿದರು, ಕರುಗಳನ್ನು ಅಡುಗೆಮನೆಯ ಬಾಗಿಲಿಗೆ ತಂದು ಕಟ್ಟಿದರು. ಮಸ್ಕಿಯ ಸಂತೆಯಲ್ಲಿ ಕೊಂಡ ಹೊಸ ಕಂಬಳಿ ನಮ್ಮ ಆಯಿಯ ಮೈಮೇಲೆ ಬಂತು. ಆಯಿ ಎಂದರೆ ಅಪ್ಪನ ತಾಯಿ. ಅಪ್ಪ ಇಲ್ಲದ ನಮ್ಮ ಮನೆಯಲ್ಲಿ ಅವಳ ಮಾತೇ ಮಾತು. ಪ್ರತಿ ಮನೆಯಲ್ಲೂ ಹಗಲು ರಾತ್ರಿ ಒಲೆ ಉರಿಯುತ್ತಿತ್ತು. ಶುಂಠಿ ಬೆಲ್ಲದ ಕಷಾಯ ಕುದಿಯುತ್ತಿತ್ತು. ಊರಿನ ಮಟ್ಟಿಗೆ ಅದು ಒಂದು ತರಹದ ಹಬ್ಬವೇ ಆಗಿತ್ತೆಂದರೆ ತಪ್ಪಲ್ಲ.

ದಂಡೆಯ ಮೇಲಿನ ಜನ ಗುರುವಾರವೇ ಗುಡಿಸಲು ಬಿಟ್ಟು ಸಿಂಧನೂರಿಗೆ ನಡೆದರು. ಉಳಿದವರು ಇಬ್ಬರೇ: ನರಸಮ್ಮ ಎಂಬ ಮುದುಕಿ, ಅವಳ ಮಗಳು. ಮಗಳಿಗೆ ಹೆರಿಗೆಯ ಬೇನೆ ಶುರುವಾಗಿದ್ದರಿಂದ ಹೊರಡಲಾಗಲಿಲ್ಲ. ಗಾಡಿ ತರುತ್ತೇನೆಂದು ಹೋದ ಅಳಿಯ ಹಳ್ಳ ತುಂಬಿ ಬಂದು ಆಚೆ ದಡದಲ್ಲಿ ಸಿಕ್ಕಿಬಿದ್ದಿದ್ದ.

ಶುಕ್ರವಾರ ಸಂಜೆ ಆಯಿ ದೇವರ ಮುಂದೆ ದೀಪ ಹಚ್ಚಿ ಹಣೆಗೆ ವಿಭೂತಿ ಇಟ್ಟುಕೊಳ್ಳುತ್ತಿದ್ದಾಗ ನರಸಮ್ಮ ನಮ್ಮ ಬಾಗಿಲಿಗೆ ಬಂದಳು. ಕೈಯಲ್ಲಿ ಒಡೆದ ಗಡಿಗೆಯ ತಳದ ಅಗಲವಾದ ಒಂದು ಹಂಚು.

"ನಿಪ್ಪು ಅಮ್ಮಾ, ಕೊಂಚಂ ನಿಪ್ಪು," ಎಂದಳು. ಬೆಂಕಿ ಕೇಳುತ್ತಿದ್ದಳು. ಮಗಳು ಹಡೆದಿದ್ದಾಳೆ, ಕಡ್ಡಿಪೆಟ್ಟಿಗೆ ನೆನೆದಿದೆ, ಕೂಸಿನ ಮೈ ತಣ್ಣಗಾಗುತ್ತಿದೆ ಎಂದು ಅರ್ಧ ತೆಲುಗಿನಲ್ಲಿ, ಅರ್ಧ ಕೈಸನ್ನೆಯಲ್ಲಿ ತಿಳಿಸಿದಳು.

ನಮ್ಮಲ್ಲಿ ಬಾಣಂತಿಯ ಹೊರಸಿನ ಕೆಳಗೆ ಬೆಂಕಿ ಇಡದ ಮನೆಯಿಲ್ಲ. ಬೇಸಿಗೆಯಲ್ಲೂ ಇಡುತ್ತಾರೆ. ಆದರೆ ದೀಪ ಹಚ್ಚಿದ ಮೇಲೆ ಒಲೆಯ ಬೆಂಕಿಯನ್ನು ಹೊರಗಿನವರಿಗೆ ಕೊಡುವ ಮನೆಯೂ ಇಲ್ಲ. ಕೊಟ್ಟರೆ ಅದರ ಬೆನ್ನಿಗೆ ಲಕ್ಷ್ಮಿ ಹೋಗುತ್ತಾಳೆ. ಶುಕ್ರವಾರವಾದರೆ ತಿರುಗಿ ಬರುವುದೇ ಇಲ್ಲ.

"ದೀಪ ಹಚ್ಚೀವಿ ಯವ್ವಾ, ಅದರಾಗ ಶುಕ್ರಾರ," ಎಂದಳು ಆಯಿ. "ಈಗ ಬೆಂಕಿ ಹೊಸ್ತಲಾ ದಾಟಸಂಗಿಲ್ಲ. ಬೆಳಕು ಹರೀಲಿ, ಪುಟ್ಟಿಗಟ್ಟಲೆ ಒಯ್ಯಿ."

ಅವ್ವ ಒಲೆಯ ಮುಂದಿನಿಂದ ಎದ್ದು ಬಂದಳು. "ಅತ್ತಿ, ಹಸೀ ಬಾಣಂತಿ ಅಂತ. ಕಡ್ಡಿಪೆಟ್ಟಿಗಿ ಆದ್ರೂ ಕೊಡೂಣ್ರಿ."

"ಕಡ್ಡ್ಯಾಗ ಇರೂದು ನೀರನು? ಅದೂ ಬೆಂಕೀನ."

"ಹಂಗಾರ ತಾಯಿ ಕೂಸು ಇಬ್ಬರನೂ ಇಲ್ಲೇ ಕರಸೂಣು. ದನದ ಕಡೆ ಮಲಗತಾರ."

"ಪುರುಡಿನ ಮೈಲಿಗಿ ಮನಿಗೆ ತರ್ತೀಯೇನ? ನಿಮ್ಮ ತವರಮನ್ಯಾಗ ಇದನ್ನ ಕಲಿಸ್ಯಾರನು?"

ಆಯಿ ಹೊಸ್ತಿಲ ಮೇಲೆಯೇ ಕುಳಿತುಬಿಟ್ಟಳು, ಕಂಬಳಿ ಸಮೇತ. ಅವ್ವ ಅವಳ ತಲೆಯ ಮೇಲಿಂದ ಕೈಚಾಚಿ ಒಂದು ಹರಕು ಚೀಲ, ಅದರಲ್ಲಿ ಕಟ್ಟಿದ ಒಣ ಕುಳ್ಳು ಕೊಟ್ಟಳು. ಕುಳ್ಳು ಬೆಂಕಿಯಲ್ಲವಲ್ಲ, ಆಯಿ ತಲೆ ಬಗ್ಗಿಸಿ ದಾರಿ ಕೊಟ್ಟಳು. ಸೌದೆ ಕೊಟ್ಟು ಬೆಂಕಿ ಕೊಡದ ಆ ದಾನವನ್ನು ನರಸಮ್ಮ ಕಂಕುಳಲ್ಲಿ ಇಟ್ಟುಕೊಂಡು ಎದುರು ಮನೆಗೆ ಹೋದಳು.

ಎದುರು ಮನೆಯ ಬಸಪ್ಪ ಕಾಕಾ ಊರಿಗೆ ಹಿರಿಯ. ಕಟ್ಟೆಯ ಮೇಲೆ ಅಗ್ಗಿಷ್ಟಿಗೆ ಇಟ್ಟುಕೊಂಡು ಕಾಲು ಕಾಸುತ್ತಿದ್ದ. "ಏ ಮುದುಕಿ, ನೀವು ಸರಕಾರದ ಮಂದಿ ಅಲ್ಲೇನು?" ಎಂದ. "ಸರಕಾರಕ್ಕ ಒಂದು ಅರ್ಜಿ ಹಾಕು, ಬೆಂಕಿ ಮಂಜೂರು ಮಾಡ್ತಾರ!" ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು.

ಅವಳು ಮನೆಮನೆಗೂ ಹೋದಳು. ಊರಿನ ಕೊನೆಯ ಮನೆಯಿಂದ ದಂಡೆಯ ದಾರಿ ಹಿಡಿದದ್ದನ್ನು ನಮ್ಮ ಮಾಳಿಗೆಯ ಮೇಲಿಂದ ನಾನು ಕಣ್ಣಾರೆ ಕಂಡೆ. ಸೋರುವ ಕಡೆಗೆ ಮಣ್ಣು ಮುಚ್ಚಲು ಹತ್ತಿದ್ದೆ. ಇನ್ನೂ ಬೆಳಕಿತ್ತು. ಅವಳ ಹಂಚಿನಲ್ಲಿ ಮಳೆನೀರು ನಿಂತಿತ್ತು. ದಾರಿಯಲ್ಲಿ ಒಮ್ಮೆ ನಿಂತು ಆ ನೀರು ಚೆಲ್ಲಿದಳು. ಮತ್ತೆ ನಡೆದಳು. ಇದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ.

ಮೂಡಲು ಬೆಳ್ಳಗಾಗುತ್ತಿದ್ದಂತೆ ಅವ್ವ ಅಗ್ಗಿಷ್ಟಿಗೆಗೆ ಕೆಂಡ ತುಂಬಿ, ಮೇಲೆ ಬೂದಿ ಮುಚ್ಚಿ ಹೊರಟೇಬಿಟ್ಟಳು. ಆಯಿ ತಡೆಯಲಿಲ್ಲ, ಬೆಳಕು ಹರಿದಿತ್ತಲ್ಲ. ನಾನು ಕಂಬಳಿಯನ್ನು ಕೆಂಡದ ಮೇಲೆ ಚಪ್ಪರದ ಹಾಗೆ ಹಿಡಿದು ಜೊತೆಗೆ ನಡೆದೆ. ಕೆಸರಿನಲ್ಲಿ ಅವ್ವ ಎರಡು ಸಲ ಜಾರಿದಳು. ಎರಡು ಸಲವೂ ಮೊಣಕಾಲು ಊರಿದಳೇ ಹೊರತು ಅಗ್ಗಿಷ್ಟಿಗೆ ಬಿಡಲಿಲ್ಲ.

ಗುಡಿಸಲಿಗೆ ಬಾಗಿಲಿರಲಿಲ್ಲ. ಬಾಗಿಲು ಇರಬೇಕಾದ ಕಡೆ ನರಸಮ್ಮ ಗಾಳಿಗೆ ಬೆನ್ನು ಕೊಟ್ಟು ಕುಳಿತಿದ್ದಳು. ಮೈಮೇಲೆ ಅವ್ವ ಕೊಟ್ಟ ಗೋಣಿಚೀಲ ಮಾತ್ರ. ಸೀರೆ ಬಿಚ್ಚಿ ಒಳಗೆ ಮಗಳಿಗೆ ಹೊದಿಸಿದ್ದಳು. ಅವ್ವ ಭುಜ ಮುಟ್ಟಿ ಕರೆದಳು. ಮುದುಕಿಯ ಮೈ ಸೆಟೆದಿತ್ತು. ಜೀವ ಹೋಗಿ ಬಹಳ ಹೊತ್ತಾಗಿತ್ತು.

ಒಳಗೆ ಬಗ್ಗಿ ಹೋದೆವು. ಮೊದಲು ತಾಗಿದ್ದು ಬಿಸಿ. ನಮ್ಮ ಅಡುಗೆಮನೆಯಲ್ಲಿ ಕೂಡ ಅಷ್ಟು ಬೆಚ್ಚಗಿರಲಿಲ್ಲ. ಹೊರಸಿನ ಮೇಲೆ ಮಗಳು, ಅವಳ ಎದೆಗೆ ಕೂಸು. ಅದು ಬೆವರಿತ್ತು, ಮಲಗಿತ್ತು. ಹೊರಸಿನ ಕೆಳಗೆ ಆ ಒಡೆದ ಹಂಚು. ಹಂಚಿನ ತುಂಬ ಕೆಂಡ, ಗಟ್ಟಿ ಕಟ್ಟಿಗೆಯ ಕೆಂಡ, ಈಗತಾನೇ ಒಲೆಯಿಂದ ತೆಗೆದು ತಂದಂತೆ ಕೆಂಪಗೆ. ಮೇಲೆ ಬೂದಿಯೇ ಕಟ್ಟಿರಲಿಲ್ಲ. ಅವ್ವ ಕೊಟ್ಟ ಕುಳ್ಳು ಮೂಲೆಯಲ್ಲಿ ಹಾಗೇ ಬಿದ್ದಿದ್ದವು. ಒಂದನ್ನೂ ಸುಟ್ಟಿರಲಿಲ್ಲ.

"ಯಾರು ಕೊಟ್ಟರವ್ವ ಇದನ್ನ?" ಎಂದು ಅವ್ವ ಕೇಳಿದಳು.

"ಅಮ್ಮ ತಂದಳು. ನಿನ್ನೆ, ಕತ್ತಲಾಗೋ ಮೊದಲ," ಎಂದಳು ಮಗಳು. ತನ್ನ ತಾಯಿ ಕುಳಿತಲ್ಲೇ ನಿದ್ದೆ ಹೋಗಿದ್ದಾಳೆಂದು ಅವಳು ತಿಳಿದಿದ್ದಳು. ಅವ್ವ ನಮ್ಮ ಅಗ್ಗಿಷ್ಟಿಗೆಯನ್ನು ಹೊರಸಿನ ಕೆಳಗೆ ಸರಿಸಲು ಹೋದಾಗ ಆಕೆ ಕಾಲಿನಿಂದ ಮೆಲ್ಲಗೆ ಅದನ್ನು ಹಿಂದಕ್ಕೆ ನೂಕಿದಳು. "ವದ್ದಮ್ಮಾ," ಎಂದಳು, ಬೇಡವೆಂದು. "ನಮ್ಮದು ಐತೆ."

ನಾವು ಒಯ್ದಿದ್ದ ಕೆಂಡವನ್ನು ಅವ್ವ ಮನೆಗೆ ತಿರುಗಿ ತಂದಾಗ ಆಯಿ ಅದನ್ನು ಒಲೆಗೆ ಹಾಕಗೊಡಲಿಲ್ಲ, ಪುರುಡಿನ ಮನೆಗೆ ಹೋಗಿ ಬಂದ ಬೆಂಕಿ ಎಂದು. ತಿಪ್ಪೆಗೆ ಚೆಲ್ಲಬೇಕಾಯಿತು.

ಮಧ್ಯಾಹ್ನ ಹಳ್ಳ ಇಳಿದು ಅಳಿಯ ಬಂದ. ಮುದುಕಿಯನ್ನು ದಂಡೆಯ ಪಕ್ಕದಲ್ಲೇ ಮಣ್ಣು ಮಾಡಿದರು. ಬಿಸಿಲು ಬಿದ್ದ ದಿನ ಗಂಡ ಹೆಂಡತಿ ಕೂಸನ್ನು ಎತ್ತಿಕೊಂಡು ಹೊರಟುಹೋದರು. ಯಾವ ಊರಿಗೆಂದು ನಾನು ಕೇಳಿಕೊಳ್ಳಲಿಲ್ಲ.

ನನಗೆ ಬೇಕಾಗಿದ್ದದ್ದು ಒಂದೇ: ಆ ಬೆಂಕಿ ಯಾರ ಮನೆಯದು? ಮನೆಮನೆಗೆ ಹೋಗಿ ಕೇಳಿದೆ. ಗಂಡಸರನ್ನು ಬೇರೆ, ಹೆಂಗಸರನ್ನು ಬೇರೆ, ಮಕ್ಕಳನ್ನು ಬೇರೆ ಕೇಳಿದೆ. ಎಲ್ಲರದೂ ಒಂದೇ ಉತ್ತರ, ಕೊಟ್ಟಿಲ್ಲ. ಕಾಲುವೆಯವರ ಕಮ್ಮಾರ ಮಳೆ ಹಿಡಿದ ದಿನವೇ ಕುಲುಮೆ ಆರಿಸಿ ಹೋಗಿದ್ದ. ಹೋಗಿ ನೋಡಿದೆ, ಕುಲುಮೆಯ ಕುಣಿಯಲ್ಲಿ ನೀರು ನಿಂತಿತ್ತು. ಬೇರೆ ಗುಡಿಸಲುಗಳ ಒಲೆಗಳಲ್ಲೂ ನೀರು. ದಂಡೆಯ ಆಚೆ ಬಯಲು, ಊರಿಲ್ಲ.

ಊರಿನವರಿಗೂ ಅದೇ ಪ್ರಶ್ನೆ ಹುಟ್ಟಿತು, ಆದರೆ ಬೇರೆ ಕಾರಣಕ್ಕೆ. ಸೋಮವಾರ ಗುಡಿಯಲ್ಲಿ ಕೂಡಿದರು. ಸತ್ತವಳ ಸುದ್ದಿ ಯಾರೂ ತೆಗೆಯಲಿಲ್ಲ. "ಶುಕ್ರಾರ ದೀಪ ಹಚ್ಚಿದ ಮ್ಯಾಲೆ ಬೆಂಕಿ ಕೊಟ್ಟ ಪುಣ್ಯಾತ್ಮರು ಯಾರು? ಎದ್ದು ನಿಂದ್ರರಿ," ಎಂದ ಬಸಪ್ಪ ಕಾಕಾ. "ಒಬ್ಬರ ಮನಿ ಲಕ್ಷ್ಮಿ ಹೋದ್ರ ಹೋಗಲಿ, ಊರ ಲಕ್ಷ್ಮಿ ಹೋದ್ರ ಏನು ಮಾಡೂದು?" ಯಾರೂ ಏಳಲಿಲ್ಲ. ಮನೆಗೊಬ್ಬರಂತೆ ಭಸ್ಮ ಮುಟ್ಟಿ, ನಮ್ಮ ಮನೆಯಿಂದ ಬೆಂಕಿ ಹೋಗಿಲ್ಲ ಎಂದು ಆಣೆ ಮಾಡಿದರು. ಕಾಕಾ ಮೊದಲು ಮುಟ್ಟಿದ. ನಮ್ಮ ಮನೆಯಿಂದ ಆಯಿ ಮುಟ್ಟಿದಳು. ಆ ಮುಖಗಳನ್ನೆಲ್ಲ ನಾನು ನೋಡಿದ್ದೇನೆ. ಅವತ್ತು ಒಬ್ಬರೂ ಸುಳ್ಳು ಹೇಳಲಿಲ್ಲ ಎಂದೇ ಇಂದಿಗೂ ನನ್ನ ನಂಬಿಕೆ.

ಈಗ ಕಾಲುವೆಗೆ ನೀರು ಬಂದಿದೆ. ಜೋಳದ ಹೊಲಗಳು ಗದ್ದೆಯಾಗುತ್ತಿವೆ. ಹಿಂದೆ ಮಂಜೂರಿಯ ಮಾತಾಡಿ ನಕ್ಕವರು ಈಗ ತೆಲುಗು ಸೀಮೆಯ ರೈತರನ್ನು ಕರೆದು ಕಟ್ಟೆಯ ಮೇಲೆ ಕೂರಿಸಿ ಚಹ ಕೊಡುತ್ತಾರೆ. ಹೊಸಬರಿಗೆ ಊರಿನ ಕಥೆ ಹೇಳುತ್ತಾರೆ. ಅದರಲ್ಲಿ ಆ ಶುಕ್ರವಾರದ ಕಥೆಯೂ ಇದೆ. ಹೋದ ತಿಂಗಳು ಬಸಪ್ಪ ಕಾಕಾ ಅದನ್ನು ಹೇಳುತ್ತಾ, "ಶಾಸ್ತ್ರ ಪಾಸ್ತ್ರ ನೋಡಲಿಲ್ಲರಿ ನಾ, ಒಂದು ಹಂಚು ಕೆಂಡ ಕೊಟ್ಟೆ," ಎಂದ. ಅತಿಥಿಗಳು ಹೋದ ಮೇಲೆ ನಾನು ತಡೆಯಲಾರದೆ ಕೇಳಿದೆ.

"ಕಾಕಾ, ಗುಡ್ಯಾಗ ಭಸ್ಮ ಮುಟ್ಟಿ ಕೊಟ್ಟಿಲ್ಲ ಅಂದಿದ್ರಿ."

ಅವನಿಗೆ ಸಿಟ್ಟೂ ಬರಲಿಲ್ಲ, ನಾಚಿಕೆಯೂ ಆಗಲಿಲ್ಲ. "ಯಾರರೆ ಕೊಟ್ಟಿರಬೇಕಲ್ಲೋ ತಮ್ಮಾ," ಎಂದ. "ಕೆಂಡ ಏನು ಮುಗಲಿಂದ ಉದುರತಾವನು? ಕೊಟ್ಟವರು ನಾವ ಯಾಕ ಆಗಿರಬಾರದು?"

ಅವನೊಬ್ಬನೇ ಅಲ್ಲ. ನಾನು ಮತ್ತೆ ಮನೆಮನೆಗೆ ಹೋಗಿ ಕೇಳಿದೆ. ಕೊಟ್ಟದ್ದು ನಮ್ಮ ಅತ್ತೆ ಎಂದರು ಒಬ್ಬರು, ನಮ್ಮ ಅಜ್ಜ ಎಂದರು ಇನ್ನೊಬ್ಬರು. ಹಿತ್ತಿಲ ಬಾಗಿಲಿನಿಂದ ಕೊಟ್ಟೆವು ಎಂದರು, ಆ ಮನೆಗೆ ಹಿತ್ತಿಲ ಬಾಗಿಲೇ ಇಲ್ಲ. ತೀರಿಹೋದ ಆಯಿ ಕೊಟ್ಟಳೆಂದು ಹೇಳುವವರೂ ಇದ್ದಾರೆ. ಆಣೆ ಮಾಡಿಸಿದರೆ ಈಗಲೂ ಭಸ್ಮ ಮುಟ್ಟುತ್ತಾರೆ, ಮತ್ತು ಈಗಲೂ ಅವರು ಸುಳ್ಳು ಹೇಳುತ್ತಿಲ್ಲವೇನೋ ಎಂದು ನನಗೆ ಹೆದರಿಕೆಯಾಗುತ್ತದೆ. ಅಂದು ಎಲ್ಲರೂ ಕೊಟ್ಟಿಲ್ಲ ಎಂದರು, ಇಂದು ಎಲ್ಲರೂ ಕೊಟ್ಟೆವು ಎನ್ನುತ್ತಾರೆ. ನಡುವೆ ಆ ಹಂಚಿನ ಬೆಂಕಿ ಎಲ್ಲಿಂದ ಬಂತು, ರಾತ್ರಿಯಿಡೀ ಬೂದಿ ಕಟ್ಟದೆ ಹೇಗೆ ಉಳಿಯಿತು, ನನಗೆ ಗೊತ್ತಿಲ್ಲ. ಗೊತ್ತಾಗುವ ದಾರಿಯೂ ಕಾಣುತ್ತಿಲ್ಲ.

ಮೊನ್ನೆ ಪಕ್ಕದ ಮನೆಯ ಹೆಂಗಸೊಬ್ಬಳು ಅವ್ವನಿಗೆ, "ಖರೇ ಹೇಳಬೇಕಂದ್ರ ನೀವ ಕೊಟ್ಟಿರಬೇಕ್ರಿ ಯಕ್ಕಾ, ನಿಮ್ಮ ಮನಸು ದೊಡ್ಡದು," ಎಂದಳು.

ಅವ್ವ ಜೋಳ ಹಸನು ಮಾಡುತ್ತಿದ್ದಳು. ಮೊರದಿಂದ ಕಣ್ಣು ಎತ್ತಲಿಲ್ಲ.

"ಇಲ್ಲ ಬೇ," ಎಂದಳು. "ನಾ ಒಯ್ದಾಗ ಬೆಳಗಾಗಿತ್ತು."