ಮೂರು ಗೋಪುರ ತಪ್ಪಿದ ಸೀರೆ

ನನ್ನ ಗಂಡನಿಗೆ ಸುತ್ತಲಿನ ಊರುಗಳೆಲ್ಲ ಬಾಯಿಪಾಠ. ಮುಧೋಳದ ನಾಯಿ ಓಡುವಾಗ ನೆಲಕ್ಕೆ ಎಷ್ಟು ಕಾಲು ತಾಗುತ್ತವೆ, ಬೀಳಗಿಯ ಹಳೆಯ ಕಲ್ಲುಮೆಟ್ಟಿಲಿನ ಅರೆತ್ತಿನ ಬಾವಿಗೆ ಯಾವ ಕಡೆಯಿಂದ ಇಳಿಯಬೇಕು, ಎಲ್ಲವನ್ನೂ ಜಮಖಂಡಿಯ ನಮ್ಮ ಮನೆಯ ಕುರ್ಚಿಯಲ್ಲಿ ಕೂತೇ ವಿವರಿಸುತ್ತಾರೆ. ಧಾರವಾಡದಿಂದ ಸೊಸೆಯಾಗಿ ಬಂದ ನನ್ನನ್ನು ಈ ಇಪ್ಪತ್ತೆರಡು ವರ್ಷಗಳಲ್ಲಿ ಅವರು ಕರೆದುಕೊಂಡು ಹೋದದ್ದು ನಮ್ಮೂರಿನದೇ ರಾಮತೀರ್ಥದ ಗುಡ್ಡದ ಬುಡದ ತನಕ. ಅಲ್ಲಿ ಗಾಡಿ ಪಂಕ್ಚರ್ ಆಯಿತು.

ಕಳೆದ ಚಳಿಗಾಲದ ಒಂದು ರವಿವಾರ ಅತ್ತೆಯವರೇ ಬೇಸತ್ತು, ನಾವಿಬ್ಬರೂ ಬಸ್ಸಿನಲ್ಲಿ ಮುಧೋಳಕ್ಕೆ ಹೋಗಿ ಆ ನಾಯಿಗಳನ್ನಾದರೂ ನೋಡಿ ಬರೋಣ ಎಂದರು.

ಅತ್ತೆಗೆ ಎಪ್ಪತ್ತು ದಾಟಿದೆ. ಬನಹಟ್ಟಿಯ ಮನೆಯಲ್ಲಿ ಮಗ್ಗದ ಮೇಲೆ ಕೂತು ಅರ್ಧ ಆಯುಷ್ಯ ಸೀರೆ ನೇಯ್ದವರು. ಮಗ್ಗ ಬಿಚ್ಚಿ ನಮ್ಮ ಜೊತೆ ಇರಲು ಬಂದ ಮೇಲೂ ರಸ್ತೆಯಲ್ಲಿ ಅವರು ಯಾರ ಮುಖವನ್ನೂ ನೋಡುವುದಿಲ್ಲ, ಸೀರೆ ನೋಡುತ್ತಾರೆ. ಪಕ್ಕದ ಮನೆಯವಳ ಹೆಸರು ಇನ್ನೂ ಬಾಯಿಗೆ ಬಂದಿಲ್ಲ. ಅವಳು ‘ಹಸರ ದಡಿಯಾಕಿ’, ಹಸಿರು ಅಂಚಿನ ಸೀರೆಯವಳು.

ಮುಧೋಳದಲ್ಲಿ ಇಳಿದು, ನಾಯಿ ಸಾಕುವವರ ಮನೆ ಎಲ್ಲಿ ಅಂತ ಚಹಾದಂಗಡಿಯಲ್ಲಿ ಕೇಳಿ ತಿರುಗಿದರೆ ಅತ್ತೆ ಇಲ್ಲ. ನೋಡಿದರೆ ಬೀಳಗಿ ಬಸ್ಸಿನ ಮೆಟ್ಟಿಲು ಹತ್ತುತ್ತಿದ್ದಾರೆ, ಅದೂ ಮೊಣಕಾಲು ನೋವಿನ ನೆನಪೇ ಇಲ್ಲದವರ ಹಾಗೆ. ಓಡಿಹೋಗಿ ನಾನೂ ಹತ್ತುವಷ್ಟರಲ್ಲಿ ಬಸ್ಸು ಹೊರಟೇ ಬಿಟ್ಟಿತು.

“ಅತ್ತೀ, ಇದು ಬೀಳಗಿ ಬಸ್ಸರೀ. ಎಲ್ಲಿಗೆ ಹೊಂಟೀರಿ?”

“ಸುಮ್ಮ ಕುಂದರ. ಮುಂದ ಕುಂತಾಳಲ್ಲ, ಆಕಿ ಸೆರಗ ನೋಡು.”

ಎರಡು ಸೀಟಿನಾಚೆ ಐವತ್ತೈದರ ಸುಮಾರಿನ ಹೆಂಗಸೊಬ್ಬರು ಕೂತಿದ್ದರು. ಕುಂಕುಮಬಣ್ಣದ ಹಳೆಯ ಸೀರೆ, ಚೆನ್ನಾಗಿ ಕಾಪಿಟ್ಟದ್ದು. ಬೆನ್ನ ಮೇಲಿಳಿದ ಸೆರಗಿನ ದಡಿಯಲ್ಲಿ ಸಾಲಾಗಿ ಗೋಪುರಗಳು, ನಡುವೆ ಒಂದು ಕಡೆ ಬರೀ ಖಾಲಿ. ಮೂರು ಗೋಪುರ ಹಿಡಿಯುವಷ್ಟು ಜಾಗ.

ನನಗೆ ತಟ್ಟನೆ ಗುರುತು ಹತ್ತಿತು. ಮದುವೆಯಾದ ಹೊಸದರಲ್ಲಿ ಬನಹಟ್ಟಿಯ ಮನೆಯಲ್ಲಿ ಒಂದು ಮಧ್ಯಾಹ್ನ ಅತ್ತೆ ಊಟಕ್ಕೆ ಎದ್ದಾಗ ನನ್ನ ಗಂಡ ಮಗ್ಗದ ಮೇಲೆ ಕೂತು, ನೇಕಾರಿಕೆ ನಮ್ಮ ರಕ್ತದಲ್ಲೇ ಇದೆ ಎಂದು ನನಗೆ ನೇಯ್ದು ತೋರಿಸಿದ್ದರು. ಅವರಿಗೆ ಆಗಲೇ ಸರ್ಕಾರಿ ನೌಕರಿ. ನೋಡುತ್ತ ನಿಂತ ನನಗೆ ಗೋಪುರ ತಪ್ಪಿದ್ದು ತಿಳಿಯಲಿಲ್ಲ. ಅವರು ದಡಿಯನ್ನೇ ನೋಡುತ್ತಿರಲಿಲ್ಲ, ನಾನು ಮೆಚ್ಚಿದೆನೋ ಇಲ್ಲವೋ ಅಂತ ನನ್ನ ಮುಖ ನೋಡುತ್ತಿದ್ದರು. ಅತ್ತೆಯ ಕಣ್ಣಿಗೆ ಬೀಳುವಾಗ ಅದರ ಮೇಲೆ ಅವರೇ ಮತ್ತೆ ಗೇಣುದ್ದ ನೇಯ್ದಾಗಿತ್ತು, ಬಿಚ್ಚುವಂತಿರಲಿಲ್ಲ. ಸೀರೆ ಹಾಗೆಯೇ ಅಂಗಡಿಗೆ ಹೋಯಿತು. ಅದನ್ನು ಉಟ್ಟವರು ತನ್ನನ್ನು ಬೈದುಕೊಳ್ಳುತ್ತಿರಬಹುದೆಂದು ಅತ್ತೆ ಎಷ್ಟೋ ವರ್ಷ ಹಲುಬಿದ್ದರು.

ಮುಂದಿನ ಸ್ಟಾಪಿನಲ್ಲಿ ಆ ಹೆಂಗಸಿನ ಪಕ್ಕದ ಸೀಟು ಖಾಲಿಯಾಯಿತು. ಅತ್ತೆ ಹೋಗಿ ಕೂತರು, ನಾನು ಹಿಂದೆ ಕಂಬಿ ಹಿಡಿದು ನಿಂತೆ. ಸೀರೆ ಎಲ್ಲಿಯದೆಂದು ಅತ್ತೆ ಕೇಳಿದ್ದೇ ತಡ, ಆಕೆಯ ಮುಖ ಅರಳಿತು. ತಮ್ಮನ ಮದುವೆಯಲ್ಲಿ ಅವರವ್ವ ಕೊಡಿಸಿದ್ದಂತೆ. ಮನೆಯ ಹೆಣ್ಣುಮಕ್ಕಳಿಗೆಲ್ಲ ಒಂದೇ ನಮೂನೆಯವು ಬಂದಿದ್ದರೂ ತನ್ನದೊಂದರಲ್ಲೇ ಈ ವಿಶೇಷ ದಡಿ. ತಂಗಿಯರಿಬ್ಬರು ತಮ್ಮದನ್ನು ಕೊಟ್ಟು ಇದನ್ನು ಇವತ್ತಿಗೂ ಕೇಳುತ್ತಾರಂತೆ. ಖಾಲಿ ಜಾಗದ ಮೇಲೆ ಬೆರಳಾಡಿಸಿ, “ಇಲ್ಲಿ ಬೇಕಂತನ ಬಿಟ್ಟಾರ ನೋಡ್ರಿ, ಉಸರ ತಗೊಂಡಂಗ” ಎಂದರು.

ಅತ್ತೆ ಬಹಳ ಹೊತ್ತು ಆ ದಡಿಯನ್ನೇ ನೋಡಿದರು. ಸತ್ಯ ಹೇಳಿಬಿಡುತ್ತಾರೇನೋ ಎಂದು ನನಗೆ ದಿಗಿಲಾಯಿತು. ಮನೆಯಲ್ಲಿ ಅವರು ಯಾರ ತಪ್ಪನ್ನೂ ಬಿಟ್ಟವರಲ್ಲ, ನನ್ನ ರೊಟ್ಟಿಯ ಅಂಚಿನದನ್ನೂ.

“ಹೌದ ತಂಗೆವ್ವಾ,” ಎಂದರು ಕೊನೆಗೆ. “ಅದನ್ನ ನೇಯೂದು ಎಲ್ಲಾರಿಗೂ ಬರೂದಿಲ್ಲ.”

ನಾನು ಕಿಟಕಿಯಾಚೆ ಕಬ್ಬಿನ ಗದ್ದೆ ನೋಡಿದೆ. ನಗು ತಡೆಯಲು ಬೇರೆ ದಾರಿಯಿರಲಿಲ್ಲ.

ನಾವು ಬನಹಟ್ಟಿಯ ನೇಕಾರರ ಮನೆಯವರೆಂದು ತಿಳಿದ ಮೇಲೆ ಆಕೆ ಬಿಡಲಿಲ್ಲ. ಬೀಳಗಿಯಲ್ಲಿ ಇಳಿಸಿಕೊಂಡು ಮನೆಗೆ ಕರೆದೊಯ್ದು ರೊಟ್ಟಿ, ಬದನೇಕಾಯಿ ಪಲ್ಲೆ ಬಡಿಸಿದರು. ಆಮೇಲೆ ತಾವೇ ಮುಂದೆ ನಡೆದು ಅರೆತ್ತಿನ ಬಾವಿ ತೋರಿಸಿದರು. ನನ್ನ ಗಂಡ ಹೇಳಿದ ಕಡೆಯಿಂದ ಇಳಿಯಲು ಬರುವಂತಿರಲಿಲ್ಲ. ಮೇಲಿನ ಕಲ್ಲಿನ ಮೇಲೆ ಕೂತ ಅತ್ತೆಗೆ ಬಾವಿ ಮೆಚ್ಚುಗೆಯಾಯಿತು. ಕಲ್ಲು ಜೋಡಿಸಿದವರ ಕೈ ಹದವಾಗಿದೆ, ಎಲ್ಲೂ ಸಡಿಲ ಬಿಟ್ಟಿಲ್ಲ ಎಂದರು.

ಸಂಜೆ ಮನೆ ಸೇರಿದಾಗ ಗಂಡ ಬಾಗಿಲಲ್ಲೇ ನಿಂತಿದ್ದರು. ಫೋನ್ ಎತ್ತದೆ ಎಲ್ಲಿ ಹೋಗಿದ್ದಿರಿ ಎಂದು ಸಿಟ್ಟು ಮಾಡಿದರು. ಅತ್ತೆ ಚಪ್ಪಲಿ ಬಿಡುತ್ತ ಸೀರೆಯ ಸಂಗತಿಯನ್ನೆಲ್ಲ ಹೇಳಿದರು. ಸಿಟ್ಟು ಅರ್ಧಕ್ಕೇ ಇಳಿಯಿತು. ನಾಚಿಕೊಳ್ಳುತ್ತಾರೆ ಅಂದುಕೊಂಡಿದ್ದೆ. ಮರುದಿನ ನೋಡಿದರೆ, ತಮ್ಮ ಕೈಯ ದಡಿಗೆ ಬೀಳಗಿಯಲ್ಲಿ ಎಷ್ಟು ಬೇಡಿಕೆಯಿದೆ ಎಂದು ಹಸರ ದಡಿಯಾಕಿಯ ಗಂಡನಿಗೆ ಕಂಪೌಂಡಿನ ಮೇಲಿಂದ ಹೇಳುತ್ತಿದ್ದರು. ಒಳಗೆ ಅತ್ತೆ ಅದನ್ನು ಕೇಳುತ್ತಲೇ ಇನ್ನೊಂದು ಲೋಟ ಚಹಾ ಬಗ್ಗಿಸಿಕೊಂಡರು.